ಬಾಗಿಲು ನಮ್ಮದು, ವಿಮಾನ ಯಾರದು?

(ಬಾನುಲಿ ಭಾಷಣ)



ನಾನು ವಿಮಾನಶಾಸ್ತ್ರ ಬಲ್ಲವನಲ್ಲ. ಕಾಲೇಜಿನಲ್ಲಿ ಮೂವತ್ತು ವರ್ಷ ಅರ್ಥಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು. ವಿಮಾನಗಳ ವಿಷಯದಲ್ಲಿ ನನಗೆ ಕುತೂಹಲ ಹುಟ್ಟಿಸಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಬೆಂಗಳೂರಿನ ಹಿಂದೂಸ್ಥಾನ್ ಏರೋನಾಟಿಕ್ಸ್ ಕಾರ್ಖಾನೆಗೆ ಫಿಟ್ಟರ್ ಆಗಿ ಸೇರಿ ಅಲ್ಲಿಯೇ ತಲೆ ನರೆತವರು. ಕೊನೆಯ ಹಲವು ವರ್ಷ ಅವರು ಮಾಡಿದ್ದು ಬಾಗಿಲಿನ ಕೆಲಸ. ಮನೆಯ ಬಾಗಿಲಲ್ಲ, ಯೂರೋಪಿನ ಏರ್‌ಬಸ್ ಸಂಸ್ಥೆಯ ಎ-320 ವಿಮಾನಕ್ಕೆ ಪ್ರಯಾಣಿಕರು ಹತ್ತುವ ಮುಂಬಾಗಿಲು. ಆ ಜಾತಿಯ ವಿಮಾನಗಳ ಮುಂಬಾಗಿಲುಗಳಲ್ಲಿ ಸುಮಾರು ಅರ್ಧದಷ್ಟನ್ನು ಈ ಕಾರ್ಖಾನೆಯೇ ಮಾಡಿಕೊಡುತ್ತ ಬಂದಿದೆಯೆಂಬುದು ಬೆಂಗಳೂರಿನ ಎಷ್ಟೋ ಜನರಿಗೇ ತಿಳಿಯದು.

ನಿವೃತ್ತರಾದ ಮೇಲೆ ಅವರು ದೆಹಲಿಯಲ್ಲಿದ್ದ ಮಗಳ ಮನೆಗೆಂದು ಮೊತ್ತಮೊದಲ ಬಾರಿಗೆ ವಿಮಾನವೇರಿದರು. ಬಾಗಿಲ ಬಳಿ ಅರೆಗಳಿಗೆ ನಿಂತು ಅದರ ಅಂಚನ್ನು ಅಂಗೈಯಿಂದ ಸವರಿ ನೋಡಿದರಂತೆ. ಹಿಂದಿನವರು ಅವಸರಿಸಿದರು, ಇವರು ನಾಚಿಕೊಂಡು ಒಳಗೆ ನಡೆದರು. ಊರಿಗೆ ಮರಳಿದ ಮೇಲೆ ಜಗಲಿಯ ಮೇಲೆ ಕುಳಿತು ನನ್ನನ್ನು ಕೇಳಿದರು: "ಮೇಷ್ಟ್ರೇ, ವಿಮಾನ ಫ್ರಾನ್ಸಿನವರದು ಅಂತಾರೆ. ಬಾಗಿಲು ನಮ್ಮದು. ಹಾಗಾದ್ರೆ ಆ ವಿಮಾನ ಯಾರದು ಅನ್ನಬೇಕು?" ನಾನು ನಕ್ಕು ಮಾತು ಮರೆಸಿದೆ. ನಿಜ ಹೇಳಬೇಕೆಂದರೆ ನನ್ನ ಬಳಿ ಉತ್ತರವಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವೇ ಇಂದಿನ ಈ ಮಾತು.

ನಮ್ಮ ಪತ್ರಿಕೆಗಳಲ್ಲಿ ವಿಮಾನೋದ್ಯಮದ ಸುದ್ದಿ ಬಂದಾಗಲೆಲ್ಲ ಅದು ದಸರಾ ಕುಸ್ತಿಯ ವರ್ಣನೆಯಂತಿರುತ್ತದೆ. ಅಖಾಡದ ಈ ಕಡೆ ಅಮೆರಿಕದ ಬೋಯಿಂಗ್, ಆ ಕಡೆ ಯೂರೋಪಿನ ಏರ್‌ಬಸ್. ಸುತ್ತಲೂ ತಂತಮ್ಮ ಜಟ್ಟಿಗೆ ಜಯಕಾರ ಹಾಕುವ ಸರ್ಕಾರಗಳು. ಈ ಚಿತ್ರ ಪೂರ್ತಿ ಸುಳ್ಳೆಂದು ಹೇಳಲಾರೆ. ಆದರೆ 2023ರ ಫೆಬ್ರವರಿ 14ರಂದು ನಡೆದುದನ್ನು ನೋಡಿ. ಅಂದು ನಮ್ಮ ಏರ್ ಇಂಡಿಯಾ ಸಂಸ್ಥೆ 470 ವಿಮಾನಗಳನ್ನು ಕೊಳ್ಳುವುದಾಗಿ ಪ್ರಕಟಿಸಿತು; 250 ಏರ್‌ಬಸ್‌ನಿಂದ, 220 ಬೋಯಿಂಗ್‌ನಿಂದ. ಕುಸ್ತಿಯಾಗಿದ್ದರೆ ಒಬ್ಬರು ಗೆದ್ದು ಮತ್ತೊಬ್ಬರು ಬೀಳಬೇಕಾಗಿತ್ತು. ಅಂದು ಬಿದ್ದವರೇ ಇಲ್ಲ. ಅಮೆರಿಕದ ಅಧ್ಯಕ್ಷ ಬೈಡನ್, ಇದರಿಂದ ತಮ್ಮ ದೇಶದ 44 ರಾಜ್ಯಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಉದ್ಯೋಗಗಳಿಗೆ ಆಸರೆಯಾಗುತ್ತದೆಂದರು. ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರೋನ್ ನಮ್ಮ ಪ್ರಧಾನಿಯವರೊಡನೆ ಸಂತೋಷ ಹಂಚಿಕೊಂಡರು. ಬ್ರಿಟನ್ನಿನ ಪ್ರಧಾನಿ ಸುನಕ್ ಅವರೂ ಹಿಂದುಳಿಯಲಿಲ್ಲ. ಏರ್‌ಬಸ್ಸಿನ ರೆಕ್ಕೆಗಳು ಸಿದ್ಧವಾಗುವುದು ವೇಲ್ಸಿನಲ್ಲಿ, ದೊಡ್ಡ ಎ-350 ವಿಮಾನದ ಎಂಜಿನುಗಳನ್ನು ಮಾಡುವುದು ರೋಲ್ಸ್ ರಾಯ್ಸ್.

ಇನ್ನೂ ಒಂದು ಸ್ವಾರಸ್ಯವಿದೆ. ಆ ಖರೀದಿಯಲ್ಲಿ ಏರ್‌ಬಸ್ಸಿನ 210 ಸಣ್ಣ ವಿಮಾನಗಳೂ ಬೋಯಿಂಗ್‌ನ 190 ಸಣ್ಣ ವಿಮಾನಗಳೂ ಇದ್ದವು. ಈ 400 ವಿಮಾನಗಳಿಗೂ ಎಂಜಿನು ಒಂದೇ ಮನೆಯದು: ಸಿ.ಎಫ್.ಎಂ. ಎಂಬ ಸಂಸ್ಥೆಯದು. ಆ ಸಂಸ್ಥೆಯಲ್ಲಿ ಅರ್ಧ ಪಾಲು ಅಮೆರಿಕದವರದು, ಅರ್ಧ ಪಾಲು ಫ್ರಾನ್ಸಿನವರದು. ಅಂದರೆ ಅಖಾಡದಲ್ಲಿ ಸೆಣಸುವ ಇಬ್ಬರು ಜಟ್ಟಿಗಳ ಎದೆಯೊಳಗೂ ಬಡಿಯುತ್ತಿರುವುದು ಒಂದೇ ಬಗೆಯ ಹೃದಯ.

ಇದು ನಿನ್ನೆ ಮೊನ್ನೆಯ ಬೆಳವಣಿಗೆಯಲ್ಲ. ಏರ್‌ಬಸ್ಸಿನ ಹುಟ್ಟಿನಲ್ಲಿಯೇ ಈ ಬೆರಕೆ ಇತ್ತು. 1967ರಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಸರ್ಕಾರಗಳು ಕೂಡಿ ಒಂದು ದೊಡ್ಡ ಪ್ರಯಾಣಿಕ ವಿಮಾನವನ್ನು ನಿರ್ಮಿಸಲು ಒಪ್ಪಿದವು. ಅಮೆರಿಕದ ಕಂಪನಿಗಳ ಏಕಸ್ವಾಮ್ಯವನ್ನು ಮುರಿಯಬೇಕೆಂಬುದು ಉದ್ದೇಶ. ಎರಡೇ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರ ಲಾಭನಷ್ಟಗಳ ಲೆಕ್ಕ ಹಾಕಿ ಹಿಂದೆ ಸರಿಯಿತು. ಆದರೆ ಬ್ರಿಟನ್ನಿನದೇ ಆದ ಹಾಕರ್ ಸಿಡ್ಲಿ ಕಂಪನಿ ಹಿಂದೆ ಸರಿಯಲಿಲ್ಲ. ರೆಕ್ಕೆಯನ್ನು ತಾನೇ ಮಾಡುವೆನೆಂದು ಉಳಿದುಕೊಂಡಿತು. ಅದರ ಖರ್ಚಿಗೆ ಜರ್ಮನಿಯ ಸರ್ಕಾರ ನೆರವಾಯಿತು. ಬ್ರಿಟಿಷ್ ಸರ್ಕಾರ ಹೊರಗೆ, ಬ್ರಿಟಿಷ್ ರೆಕ್ಕೆ ಒಳಗೆ! 1972ರ ಅಕ್ಟೋಬರ್ 28ರಂದು ಮೊದಲ ಎ-300 ವಿಮಾನ ಫ್ರಾನ್ಸಿನ ತುಲೂಸ್ ನಗರದಿಂದ ಮೇಲೇರಿತು. ಅಮೆರಿಕಕ್ಕೆ ಎದುರಾಗಿ ಕಟ್ಟಿದ ಈ ವಿಮಾನದ ಎರಡು ಎಂಜಿನುಗಳೂ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಮಾದರಿಯವು. ನಮ್ಮ ಇಂಡಿಯನ್ ಏರ್‌ಲೈನ್ಸ್ 1976ರಲ್ಲಿ ತಂದ ವಿಮಾನವೂ ಇದೇ. ಅಮೆರಿಕದೊಳಕ್ಕೆ ಇದನ್ನು ಬರಮಾಡಿಕೊಂಡವರು ಈಸ್ಟರ್ನ್ ಏರ್‌ಲೈನ್ಸ್ ಮುಖ್ಯಸ್ಥರಾಗಿದ್ದ ಫ್ರಾಂಕ್ ಬೋರ್ಮನ್. 1968ರಲ್ಲಿ ಚಂದ್ರನನ್ನು ಸುತ್ತಿ ಬಂದ ಮೂವರು ಅಮೆರಿಕನ್ ಗಗನಯಾತ್ರಿಗಳಲ್ಲಿ ಒಬ್ಬರು. ದೇಶಾಭಿಮಾನದಲ್ಲಿ ಅವರಿಗೆ ಪಾಠ ಹೇಳುವವರು ಯಾರು? ಅವರು ನಾಲ್ಕು ವಿಮಾನಗಳನ್ನು ಪರೀಕ್ಷೆಗೆಂದು ಪಡೆದು ಹಾರಿಸಿ ನೋಡಿ, 1978ರಲ್ಲಿ 23 ವಿಮಾನಗಳಿಗೆ ಬೇಡಿಕೆಯಿತ್ತರು.

ಈಗ ಆ ಎಂಜಿನಿನ ಕಥೆ. 1970ರ ದಶಕದ ಆರಂಭದಲ್ಲಿ ಜನರಲ್ ಎಲೆಕ್ಟ್ರಿಕ್ ಮತ್ತು ಫ್ರಾನ್ಸಿನ ಸ್ನೆಕ್ಮಾ ಕಂಪನಿಗಳು ಸಮಪಾಲಿನಲ್ಲಿ ಒಂದು ಹೊಸ ಎಂಜಿನು ಮಾಡಹೊರಟವು. ಅದರ ಗರ್ಭಭಾಗ ಅಮೆರಿಕದ ಬಿ-1 ಬಾಂಬರ್ ವಿಮಾನದ ಎಂಜಿನಿನಿಂದ ಬರಬೇಕಾಗಿತ್ತು. ಯುದ್ಧವಿಮಾನದ ಗುಟ್ಟು ಹೊರಗೆ ಹೋಗಕೂಡದೆಂದು ಅಮೆರಿಕ ಸರ್ಕಾರ ರಫ್ತಿನ ಪರವಾನಗಿಯನ್ನು ನಿರಾಕರಿಸಿತು. ವ್ಯವಹಾರ ಅಲ್ಲಿಗೇ ಮುಗಿಯಬೇಕು. ಆದರೆ 1973ರಲ್ಲಿ ಐಸ್‌ಲ್ಯಾಂಡಿನ ರೇಕ್ಯವಿಕ್ ನಗರದಲ್ಲಿ ಅಧ್ಯಕ್ಷರುಗಳಾದ ನಿಕ್ಸನ್ ಮತ್ತು ಪೊಂಪಿಡು ಭೇಟಿಯಾದಾಗ ಈ ಎಂಜಿನಿನ ಮಾತೂ ಬಂತು, ಗಂಟು ಸಡಿಲವಾಯಿತು. ಗರ್ಭಭಾಗವನ್ನು ಅಮೆರಿಕದಲ್ಲಿಯೇ ಮಾಡಿ ಫ್ರಾನ್ಸಿಗೆ ಕಳಿಸಬೇಕೆಂಬ ಏರ್ಪಾಟಾಯಿತು. 1974ರಲ್ಲಿ ಸಿ.ಎಫ್.ಎಂ. ಸ್ಥಾಪನೆಯಾಯಿತು. ಅದರ ಮೊದಲ ಮಾದರಿಯ ಎಂಜಿನುಗಳೇ 30 ಸಾವಿರಕ್ಕೂ ಮಿಗಿಲಾಗಿ ತಯಾರಾದವು. ಎರಡು ರಾಷ್ಟ್ರಗಳ ಮುಖ್ಯಸ್ಥರು ಕುಳಿತು ಬಿಡಿಸಬೇಕಾದ ಗಂಟು ಒಂದು ಯಂತ್ರದೊಳಗೆ ಇತ್ತೆಂಬುದನ್ನು ದಯವಿಟ್ಟು ನೆನಪಿಟ್ಟುಕೊಂಡಿರಿ. ಆ ಮಾತಿಗೆ ಮತ್ತೆ ಬರುತ್ತೇನೆ.

ಹೀಗೆ ಹಂಚಿಕೊಂಡು ಮಾಡುವ ಪದ್ಧತಿ ಬರಬರುತ್ತ ಬೆಳೆಯಿತು. ಅದಕ್ಕೆ ಕಾರಣಗಳಿವೆ. ಹೊಸ ವಿಮಾನವೊಂದನ್ನು ರೂಪಿಸುವ ಖರ್ಚು ಒಂದು ಕಂಪನಿಯ ಬೆನ್ನು ಮುರಿಯುವಷ್ಟಿರುತ್ತದೆ. ಪಾಲುದಾರರಿದ್ದರೆ ಹೊರೆ ಹಂಚಿಹೋಗುತ್ತದೆ. ಮತ್ತೊಂದು, ಕೆಲಸ ಕೊಟ್ಟ ದೇಶದಲ್ಲಿ ವಿಮಾನ ಮಾರುವುದೂ ಸುಲಭ. ಬೋಯಿಂಗ್ 787 ವಿಮಾನ ಇದಕ್ಕೆ ಒಳ್ಳೆಯ ನಿದರ್ಶನ. ಅದರ ರೆಕ್ಕೆ ತಯಾರಾಗುವುದು ಜಪಾನಿನ ನಗೋಯಾದಲ್ಲಿ, ಒಡಲಿನ ನಡುಭಾಗದ ತುಂಡುಗಳು ಇಟಲಿಯಲ್ಲಿ, ಬಾಗಿಲುಗಳು ಫ್ರಾನ್ಸಿನವರಿಂದ. ಈ ತುಂಡುಗಳನ್ನು ಹೊತ್ತು ತರಲು ಕೆಲವು 747 ವಿಮಾನಗಳ ಒಡಲನ್ನೇ ಉಬ್ಬಿಸಿ ಮಾರ್ಪಡಿಸಬೇಕಾಯಿತು. ಆ ವಿಮಾನವನ್ನು ಮೊದಲು ಕೊಂಡದ್ದು ಜಪಾನಿನ ಕಂಪನಿಯೆಂಬುದು ಕೇವಲ ಆಕಸ್ಮಿಕವಲ್ಲ.

ಆದರೆ ಕೂಡುಕುಟುಂಬದ ತೊಂದರೆಗಳೂ ಜೊತೆಗೇ ಬಂದವು. 2007ರ ಜುಲೈ 8ರಂದು ಮೊದಲ 787 ವಿಮಾನವನ್ನು ಸಡಗರದಿಂದ ಹೊರಗೆ ತಂದು ತೋರಿಸಿದರು. ಹೊರಗೆ ಮಿರುಗುವ ಬಣ್ಣ. ಒಳಗೆ ಬಹುತೇಕ ಟೊಳ್ಳು. ಸರಿಯಾದ ಮೊಳೆಗಳು ಸಕಾಲಕ್ಕೆ ಬಾರದೆ ತಾತ್ಕಾಲಿಕ ಮೊಳೆಗಳಿಂದ ಜೋಡಿಸಿದ್ದರು. ಅದು ಹಾರಿದ್ದು 2009ರ ಡಿಸೆಂಬರಿನಲ್ಲಿ. ಏರ್‌ಬಸ್ಸೂ ಈ ಕಷ್ಟದಿಂದ ಪಾರಾಗಲಿಲ್ಲ. ಅದರ ಎ-380 ಎಂಬ ದೈತ್ಯ ವಿಮಾನದೊಳಗೆ 500 ಕಿಲೋಮೀಟರಿಗೂ ಮೀರಿದ ತಂತಿಜಾಲವಿತ್ತು. ಜರ್ಮನಿಯ ಹ್ಯಾಂಬರ್ಗಿನವರೂ ಫ್ರಾನ್ಸಿನ ತುಲೂಸಿನವರೂ ನಕ್ಷೆ ಬರೆಯಲು ಒಂದೇ ಕಂಪ್ಯೂಟರ್ ವಿಧಾನದ ಬೇರೆ ಬೇರೆ ಆವೃತ್ತಿಗಳನ್ನು ಬಳಸಿದ್ದರು. ಅಲ್ಲಿಂದ ಬಂದ ತಂತಿಗಳನ್ನು ಇಲ್ಲಿ ಎಳೆದು ಜೋಡಿಸಹೋದರೆ ಅಳತೆ ಸಾಲದಾಯಿತು. 2006ರಲ್ಲಿ ಬೆಳಕಿಗೆ ಬಂದ ಈ ಎಡವಟ್ಟಿನಿಂದ ಎರಡು ವರ್ಷಗಳ ತಡ, ಅಪಾರ ನಷ್ಟ.

ಬಾಗಿಲಿನ ಮಾತಿನಿಂದ ಆರಂಭಿಸಿದೆನಾದ್ದರಿಂದ ಇನ್ನೊಂದು ಬಾಗಿಲಿನ ಕಥೆಯನ್ನೂ ಹೇಳಿಬಿಡುತ್ತೇನೆ. 2024ರ ಜನವರಿ 5ರಂದು ಅಮೆರಿಕದ ಅಲಾಸ್ಕಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನವೊಂದು ಸುಮಾರು 15 ಸಾವಿರ ಅಡಿ ಎತ್ತರದಲ್ಲಿದ್ದಾಗ, ಬಾಗಿಲಿನ ಜಾಗವನ್ನು ಮುಚ್ಚಿದ್ದ ಹಲಗೆ ಕಿತ್ತು ಹಾರಿಹೋಯಿತು. ದೈವಕೃಪೆ, ಯಾರೂ ಸಾಯಲಿಲ್ಲ. ತನಿಖೆ ನಡೆಯಿತು. ಆ ಹಲಗೆ ತಯಾರಾದದ್ದು ಮಲೇಷ್ಯಾದಲ್ಲಿ. ಅದನ್ನು ವಿಮಾನದ ಒಡಲಿಗೆ ಕೂರಿಸಿದ್ದು ಅಮೆರಿಕದ ವಿಚಿಟಾ ನಗರದಲ್ಲಿ ಬೇರೊಂದು ಕಂಪನಿ. ಪೂರ್ತಿ ವಿಮಾನ ಸಿದ್ಧವಾದದ್ದು ಸಿಯಾಟಲ್ ಬಳಿಯ ಬೋಯಿಂಗ್‌ನ ಕಾರ್ಖಾನೆಯಲ್ಲಿ. ಹಾಗಾದರೆ ತಪ್ಪು ಯಾರದು? ದೂರದ ಮಲೇಷ್ಯಾದವರ ಮೇಲೆ ಹಾಕಿ ಕೈತೊಳೆದುಕೊಳ್ಳಲು ಬರುವಂತಿರಲಿಲ್ಲ. ಕೊನೆಯ ಕಾರ್ಖಾನೆಯಲ್ಲಿ ಒಂದು ದುರಸ್ತಿಗಾಗಿ ಹಲಗೆಯನ್ನು ಬಿಚ್ಚಿದವರು ಮತ್ತೆ ಮುಚ್ಚುವಾಗ ನಾಲ್ಕು ಬೋಲ್ಟುಗಳನ್ನು ಹಾಕಿರಲಿಲ್ಲ. ಆ ವಿಚಿಟಾ ಕಾರ್ಖಾನೆಯೂ 2005ರ ತನಕ ಬೋಯಿಂಗ್‌ನದೇ ಆಗಿದ್ದು ಮಾರಿಹೋದದ್ದು. 2024ರಲ್ಲಿ ಅದನ್ನು ಮರಳಿ ಕೊಳ್ಳುವ ಒಪ್ಪಂದವಾಯಿತು. ಆಗ ಗೊತ್ತಾದ ಮೋಜಿನ ಸಂಗತಿಯೆಂದರೆ, ಆ ಒಂದೇ ಕಂಪನಿ ಏರ್‌ಬಸ್ಸಿಗೂ ಭಾಗಗಳನ್ನು ಮಾಡಿಕೊಡುತ್ತಿತ್ತು. ಹೀಗಾಗಿ ಇಬ್ಬರು ಎದುರಾಳಿಗಳು ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಳ್ಳುವಂತೆ ಅದರ ಕಾರ್ಖಾನೆಗಳನ್ನು ಹಂಚಿಕೊಳ್ಳಬೇಕಾಯಿತು.

ಉದ್ಯಮ ಹೀಗೆ ಹೆಣೆದುಕೊಂಡಿರುವಾಗ ಸರ್ಕಾರಗಳು ಹಳೆಯ ಕಾಲದ ಕತ್ತಿಯನ್ನೇ ಝಳಪಿಸಿದರೆ ಏನಾಗುತ್ತದೆ? ಏರ್‌ಬಸ್ಸಿಗೆ ಅನ್ಯಾಯವಾಗಿ ಸಹಾಯಧನ ಸಿಗುತ್ತಿದೆಯೆಂದು ಅಮೆರಿಕವೂ, ಬೋಯಿಂಗ್‌ಗೆ ಸಿಗುತ್ತಿದೆಯೆಂದು ಯೂರೋಪೂ 2004ರಿಂದ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ವ್ಯಾಜ್ಯ ಹೂಡಿದ್ದವು. ಇಬ್ಬರದೂ ತಪ್ಪೆಂದು ತೀರ್ಮಾನವಾಯಿತು. 2019ರಲ್ಲಿ ಅಮೆರಿಕಕ್ಕೆ 750 ಕೋಟಿ ಡಾಲರ್ ಮೌಲ್ಯದ ಯೂರೋಪಿನ ಸರಕುಗಳ ಮೇಲೆ ಸುಂಕ ಹಾಕುವ ಅಪ್ಪಣೆ ಸಿಕ್ಕಿತು. ವಿಮಾನಗಳ ಮೇಲೆ ಬಿದ್ದದ್ದು ನೂರಕ್ಕೆ 10. ವಿಮಾನದ ಗೊಡವೆಯೇ ಇಲ್ಲದ ಗಿಣ್ಣು, ಆಲಿವ್, ಸ್ಕಾಚ್ ವಿಸ್ಕಿಗಳ ಮೇಲೆ ನೂರಕ್ಕೆ 25! ವಿಮಾನಕ್ಕೇಕೆ ಕಡಿಮೆ? ಅದನ್ನು ಕೊಳ್ಳುವವರು ಅಮೆರಿಕದ ಕಂಪನಿಗಳು. ಅದಕ್ಕೆ ಭಾಗಗಳನ್ನು ಮಾಡುವ ಕೈಗಳಲ್ಲಿಯೂ ಅಮೆರಿಕದವು ಬಹಳ. ಅದೂ ಅಲ್ಲದೆ ಅಲಬಾಮಾ ರಾಜ್ಯದ ಮೊಬೀಲ್ ಪಟ್ಟಣದಲ್ಲಿ 2015ರಿಂದ ಏರ್‌ಬಸ್ಸೇ ಕಾರ್ಖಾನೆ ತೆರೆದು ಅಮೆರಿಕದ ಕೆಲಸಗಾರರಿಂದ ವಿಮಾನ ಜೋಡಿಸುತ್ತಿದೆ. 2021ರಲ್ಲಿ ಇಬ್ಬರೂ ದಣಿದು ಐದು ವರ್ಷಗಳ ಕದನವಿರಾಮ ಸಾರಿದರು. 2025ರಲ್ಲಿ ಅಮೆರಿಕ ಜಗತ್ತಿನ ಬಹುತೇಕ ಎಲ್ಲ ದೇಶಗಳ ಮೇಲೆ ಹೊಸ ಸುಂಕ ಹೇರಿದಾಗಲೂ, ಬ್ರಿಟನ್, ಯೂರೋಪ್, ಜಪಾನುಗಳೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ ವಿಮಾನವನ್ನೂ ಅದರ ಬಿಡಿಭಾಗಗಳನ್ನೂ ಹೊರಗಿಟ್ಟಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಯಾರಿಗೆ ಬೇಕು?

ಕೆನಡಾದ ಬೊಂಬಾರ್ಡಿಯರ್ ಕಂಪನಿಯ ಕಥೆ ಇದಕ್ಕಿಂತ ಮನಮುಟ್ಟುವಂಥದು. ಅದು ಸಿ-ಸೀರೀಸ್ ಎಂಬ ಸಣ್ಣ ವಿಮಾನವನ್ನು ಅಮೆರಿಕದ ಡೆಲ್ಟಾ ಕಂಪನಿಗೆ ಅತಿ ಅಗ್ಗವಾಗಿ ಮಾರಿತೆಂದು 2017ರಲ್ಲಿ ಬೋಯಿಂಗ್ ದೂರಿತ್ತಿತು. ಅಮೆರಿಕದ ವಾಣಿಜ್ಯ ಇಲಾಖೆ ನೂರಕ್ಕೆ 292ರಷ್ಟು ಸುಂಕ ಗೊತ್ತುಮಾಡಿತು. ಆಗ ಎದೆ ನಡುಗಿದ್ದು ಕೆನಡಾದವರಿಗಷ್ಟೇ ಅಲ್ಲ. ಆ ವಿಮಾನದ ರೆಕ್ಕೆ ತಯಾರಾಗುತ್ತಿದ್ದುದು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ. ಅಲ್ಲಿನ ಕೆಲಸಗಾರರ ಪರವಾಗಿ ಬ್ರಿಟಿಷ್ ಪ್ರಧಾನಿ ತೆರೇಸಾ ಮೇ ಅಮೆರಿಕದ ಅಧ್ಯಕ್ಷರೊಡನೆ ಮಾತನಾಡಬೇಕಾಯಿತು. ಇನ್ನು ಅದರ ಎಂಜಿನು? ಅಮೆರಿಕದ್ದೇ, ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯದು. ವಿದೇಶಿ ವಿಮಾನವೆಂದು ಎತ್ತಿದ ದೊಣ್ಣೆ ಸ್ವದೇಶಿಯರ ತಲೆಯ ಮೇಲೂ ಬೀಳುವಂತಿತ್ತು. 2018ರ ಜನವರಿಯಲ್ಲಿ ಅಮೆರಿಕದ್ದೇ ಆದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಬೋಯಿಂಗ್‌ನ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ಅಷ್ಟರಲ್ಲಿ ಬೊಂಬಾರ್ಡಿಯರ್ ಆ ವಿಮಾನದ ಯೋಜನೆಯಲ್ಲಿ ಹೆಚ್ಚಿನ ಪಾಲನ್ನು ಏರ್‌ಬಸ್ಸಿಗೆ ಒಪ್ಪಿಸಲು ಒಪ್ಪಿಕೊಂಡಾಗಿತ್ತು. ಸಣ್ಣ ಎದುರಾಳಿಯನ್ನು ಅಟ್ಟಹೋದ ಬೋಯಿಂಗ್, ಅದನ್ನು ದೊಡ್ಡ ಎದುರಾಳಿಯ ಮಡಿಲಿಗೆ ತಾನೇ ಹಾಕಿದಂತಾಯಿತು. ಇಂದು ಆ ವಿಮಾನದ ಹೆಸರು ಏರ್‌ಬಸ್ ಎ-220.

ಇಷ್ಟನ್ನು ಕೇಳಿದ ಮೇಲೆ, ಇನ್ನು ರಾಷ್ಟ್ರಹಿತವೆಂಬುದೇ ಉಳಿದಿಲ್ಲ, ವಸುಧೆಯೆಲ್ಲ ಒಂದೇ ಕಾರ್ಖಾನೆಯಾಯಿತು ಎಂದು ಯಾರಾದರೂ ಹೇಳಬಹುದು. ನಾನೂ ಕೆಲಕಾಲ ತರಗತಿಯಲ್ಲಿ ಹೀಗೆಯೇ ಹೇಳುತ್ತಿದ್ದೆ. ಈಗ ಹಾಗೆನ್ನಲು ಧೈರ್ಯ ಸಾಲದು. ರೇಕ್ಯವಿಕ್ಕಿನ ಗಂಟನ್ನು ನೆನಪಿಟ್ಟುಕೊಳ್ಳಿರೆಂದಿದ್ದೆ. 2023ರಲ್ಲಿ ಚೀನಾದ ಸಿ-919 ಎಂಬ ಸ್ವಂತ ಪ್ರಯಾಣಿಕ ವಿಮಾನ ಸೇವೆಗೆ ಬಂತು. ಅದಕ್ಕೂ ಎಂಜಿನು ಅದೇ ಸಿ.ಎಫ್.ಎಂ. ಮನೆಯದೇ. 2025ರ ಮೇ ತಿಂಗಳಲ್ಲಿ ವ್ಯಾಪಾರದ ಜಗಳ ಬೆಳೆದಾಗ ಅಮೆರಿಕ ಸರ್ಕಾರ ಆ ಎಂಜಿನುಗಳ ರಫ್ತನ್ನು ತಡೆಹಿಡಿಯಿತು. ಜುಲೈಯಲ್ಲಿ ಮತ್ತೆ ಬಿಟ್ಟುಕೊಟ್ಟಿತು. ಐವತ್ತೆರಡು ವರ್ಷ ಕಳೆದರೂ ಕೀಲಿಕೈ ಇದ್ದಲ್ಲಿಯೇ ಇದೆ.

ಈ ಪಾಠವನ್ನು ಬೆಂಗಳೂರು ಎಂದೋ ಕಲಿಯಬೇಕಾಯಿತು. 1961ರ ಜೂನ್ 17ರಂದು ಇಲ್ಲಿ ಮೇಲೇರಿದ 'ಮಾರುತ' ಯುದ್ಧವಿಮಾನ ನಮ್ಮ ಹೆಮ್ಮೆ. ಅದನ್ನು ರೂಪಿಸಿದ ತಂಡದ ನಾಯಕ ಜರ್ಮನಿಯ ಕುರ್ಟ್ ಟ್ಯಾಂಕ್; ಎಂಜಿನು ಬ್ರಿಟನ್ನಿನ ಆರ್ಫಿಯಸ್. ಒಡಲು ಸೊಗಸಾಗಿತ್ತು. ಆದರೆ ಅದಕ್ಕೆಂದು ನೆಚ್ಚಿದ್ದ ಹೆಚ್ಚು ಬಲದ ಎಂಜಿನನ್ನು ಬ್ರಿಟನ್ ಪೂರ್ತಿಗೊಳಿಸದೆ ಕೈಬಿಟ್ಟಿತು. ಶಬ್ದವೇಗವನ್ನು ಮೀರಲೆಂದು ಹುಟ್ಟಿದ ವಿಮಾನ, ಬೇಕಾದ ಉಸಿರು ಸಿಗದೆ ಕೊನೆಗೂ ಆ ಗುರಿ ಮುಟ್ಟಲಿಲ್ಲ. 2001ರಲ್ಲಿ ಇದೇ ಊರಿನಿಂದ ಹಾರಿದ 'ತೇಜಸ್' ನಮ್ಮವರೇ ರೂಪಿಸಿದ್ದು. ಅದಕ್ಕೆಂದು ಇಲ್ಲಿಯೇ ಕೈಗೊಂಡ 'ಕಾವೇರಿ' ಎಂಜಿನು ಬೇಕಾದ ಬಲ ತೋರದೆ ಅಮೆರಿಕದ ಎಂಜಿನನ್ನೇ ಹಾಕಬೇಕಾಯಿತು. ಅದರ ಹೊಸ ಮಾದರಿಗಾಗಿ 2021ರಲ್ಲಿ ಬೇಡಿಕೆಯಿತ್ತ 99 ಎಂಜಿನುಗಳಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚಿನಲ್ಲಿ. ಅಷ್ಟು ಕಾಲ ನಮ್ಮ ವಿಮಾನಗಳು ದಾರಿ ಕಾಯುವಂತಾಯಿತು.

ಆದ್ದರಿಂದ ನನ್ನ ನೆರೆಯ ಹಿರಿಯರ ಪ್ರಶ್ನೆಯನ್ನು ಮೂರಾಗಿ ಬಿಡಿಸಿ ಕೇಳಬೇಕೆಂದು ನನಗೆ ತೋರುತ್ತದೆ. ಒಂದು, ಈ ವಿಮಾನವನ್ನು ಬೇಡವೆಂದು ನಿಲ್ಲಿಸಬಲ್ಲವರು ಯಾರು? ಎರಡು, ತಪ್ಪು ನಡೆದರೆ ಜಗತ್ತಿಗೆ ಉತ್ತರ ಹೇಳಬೇಕಾದವರು ಯಾರು? ಮೂರು, ವಿಮಾನದ ಬೇಡಿಕೆ ನಿಂತರೆ ಆರುವ ಒಲೆ ಯಾರದು? ಹಿಂದೆ ಈ ಮೂರಕ್ಕೂ ಬಹುಮಟ್ಟಿಗೆ ಒಂದೇ ದೇಶದ ಹೆಸರು ಹೇಳಬಹುದಾಗಿತ್ತು. ಇಂದು ಮೂರು ಉತ್ತರಗಳೂ ಬೇರೆ ಬೇರೆ ಊರುಗಳಲ್ಲಿವೆ. ನಿಲ್ಲಿಸುವ ಶಕ್ತಿ ಎಂಜಿನಿನ ಗುಟ್ಟು ಬಲ್ಲ ಕೆಲವೇ ದೇಶಗಳಲ್ಲಿ ಉಳಿದಿದೆ. ಉತ್ತರ ಹೇಳುವ ಹೊಣೆ ಹೆಸರು ಬರೆದುಕೊಂಡ ಕಂಪನಿಯ ಮೇಲಿದೆ. ಒಲೆಗಳು ಮಾತ್ರ ವೇಲ್ಸ್, ನಗೋಯಾ, ಬೆಲ್‌ಫಾಸ್ಟ್, ಬೆಂಗಳೂರುಗಳಲ್ಲಿ ಹಂಚಿಹೋಗಿವೆ. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಏರ್‌ಬಸ್ ತಿಂಗಳಿಗೆ 60ರಷ್ಟಿದ್ದ ಎ-320ಗಳ ತಯಾರಿಕೆಯನ್ನು 40ಕ್ಕೆ ಇಳಿಸಿತು. ತೀರ್ಮಾನ ತುಲೂಸಿನದು, ವಿಮಾನ ಕಡಿಮೆಯಾದರೆ ಬಾಗಿಲೂ ಅಷ್ಟೇ ಕಡಿಮೆ ಸಾಕಲ್ಲವೇ?

ಇದನ್ನು ನಾನು ನಿರಾಶೆಯಿಂದ ಹೇಳುತ್ತಿಲ್ಲ. ಬಾಗಿಲು ಮಾಡುವುದು ಸಣ್ಣ ಕೆಲಸವೆಂದು ತಿಳಿಯಬೇಡಿ. ಮೇಲಿನ ಆಕಾಶದಲ್ಲಿ ಅದರ ಮೇಲೆ ಬೀಳುವ ಒತ್ತಡವನ್ನು ತಡೆದು ನಿಲ್ಲುವ ಬಾಗಿಲು ಅದು. ಎ-220 ವಿಮಾನದ ಎಲ್ಲ ಬಾಗಿಲುಗಳನ್ನೂ ಮಾಡುವ ಕೆಲಸ 2024ರಲ್ಲಿ ಬೆಂಗಳೂರಿನದೇ ಕಂಪನಿಯೊಂದಕ್ಕೆ ಬಂದಿತು. ಬೆಳಗಾವಿಯಲ್ಲಿ ಏರ್‌ಬಸ್ಸಿನ ಬಿಡಿಭಾಗಗಳು ತಯಾರಾಗುತ್ತವೆ. ದೇವನಹಳ್ಳಿಯ ಬಳಿ ಬೋಯಿಂಗ್ 43 ಎಕರೆಯಲ್ಲಿ ಕಟ್ಟಿಸಿದ ತಾಂತ್ರಿಕ ಕೇಂದ್ರ 2024ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಅಖಾಡದ ಇಬ್ಬರು ಜಟ್ಟಿಗಳಿಗೂ ಅನ್ನವಿಕ್ಕುವ ಊರು ನಮ್ಮದು. ಇಬ್ಬರ ಕೂಲಿಯಿಂದಲೂ ಬಾಳುವ ಊರು. ಇಲ್ಲಿ ಯಾರಿಗೆ ಜಯಕಾರ ಹಾಕೋಣ? ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಮೂರನೆಯ ಪ್ರಶ್ನೆಯ ಉತ್ತರದಲ್ಲಿ ನಮ್ಮ ಹೆಸರು ಬಂದಿದೆ. ಮೊದಲನೆಯ ಪ್ರಶ್ನೆಯ ಉತ್ತರದಲ್ಲಿ ಎಂದು ಬಂದೀತು? ಬಾಗಿಲು ಮಾಡಬಲ್ಲ ಕೈ ಎಂಜಿನಿನ ಗರ್ಭವನ್ನೂ ಮಾಡಬಲ್ಲದು. ಆದರೆ ಅದಕ್ಕೆ ಬೇಕಾದ ಹಣ, ಕಾಲ, ಮೇಲಿಂದ ಮೇಲೆ ಸೋತರೂ ಕೈಬಿಡದ ತಾಳ್ಮೆ ಇವು ಗುತ್ತಿಗೆಯ ಜೊತೆಗೆ ಹೊರಗಿನಿಂದ ಬರುವ ವಸ್ತುಗಳಲ್ಲ.

ಮೊನ್ನೆ ಆ ಹಿರಿಯರ ಜಗಲಿಯ ಮೇಲೆ ಕುಳಿತು ಇಷ್ಟನ್ನೂ ಹೇಳಿದೆ. ಅವರು ಕಣ್ಣುಮುಚ್ಚಿ ಕೇಳಿದರು. ಕೊನೆಗೆ, "ಅದೆಲ್ಲ ಸರಿ ಮೇಷ್ಟ್ರೇ. ನಾನು ಬಾಗಿಲು ಸವರಿ ನೋಡಿದ್ದು ಅದು ಯಾರದು ಅಂತ ತಿಳಿಯೋದಕ್ಕಲ್ಲ. ಸರಿಯಾಗಿ ಕೂತಿದೆಯಾ ಅಂತ ನೋಡೋದಕ್ಕೆ" ಎಂದರು.

ಯಾರದೇ ವಿಮಾನವಿರಲಿ, ಅದರೊಳಗೆ ಕುಳಿತು ಹಾರುವವರು ಅವರಿಗೆ ಋಣಿಗಳು.